ಏಳಡಿಯ ಮೇಲೆ ನಾಲ್ಕಿಂಚು

ಎತ್ತರದ ಮನುಷ್ಯರ ಮಾತು ಬಂದರೆ ನಮ್ಮ ಜನ ಅಳತೆಯಲ್ಲಿ ಬಹಳ ಧಾರಾಳಿಗಳು. ಮದುವೆ ಮನೆಯಲ್ಲಿ ಆರಡಿಯ ಹುಡುಗನನ್ನು ಕಂಡು ಬಂದವರು ಊರಲ್ಲಿ ‘ಆರೂವರೆ ಅಡಿ ಇದ್ದಾನೆ ಕಣ್ರೀ, ಬಾಗಿಲಲ್ಲಿ ಬಗ್ಗಿಯೇ ಬಂದ’ ಅನ್ನುತ್ತಾರೆ. ಕಾಳಿಂಗ ಸರ್ಪ, ಗಾಳಕ್ಕೆ ಸಿಕ್ಕು ತಪ್ಪಿಸಿಕೊಂಡ ಮೀನು, ಎತ್ತರದ ಮನುಷ್ಯ, ಈ ಮೂರಕ್ಕೂ ಬಾಯಿಂದ ಬಾಯಿಗೆ ದಾಟುವಾಗ ಬೆಳೆಯುವ ಗುಣವಿದೆ.

ನಮ್ಮ ಪಕ್ಕದ ಮನೆಯ ರಾಯರು ಮಾತ್ರ ಇದಕ್ಕೆ ಹೊರತು. ಅವರು ಟೈಲರ್ ಕಸುಬಿನವರು. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರೂ ಕೊರಳಿನ ಟೇಪು ಇಳಿದಿಲ್ಲ. ಅಳೆಯದೆ ಯಾವುದನ್ನೂ ಒಪ್ಪುವವರಲ್ಲ. ಮೊನ್ನೆ ಅವರ ಮೊಮ್ಮಗ ಮೊಬೈಲಿನಲ್ಲಿ ಹಳೆಯ ಅಮೆರಿಕನ್ ಕುಸ್ತಿ ಹಾಕಿಕೊಂಡು ಕೂತಿದ್ದನಂತೆ. ರಾಯರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನನ್ನು ಕೂಗಿದರು.

“ಮೇಷ್ಟ್ರೇ, ಈ ಆಂಡ್ರೆ ದಿ ಜೈಂಟ್ ಅನ್ನೋನು ನಿಜವಾಗ್ಲೂ 7 ಅಡಿ 4 ಇಂಚು ಇದ್ನೇನ್ರೀ? ಅಂದ್ರೆ 88 ಇಂಚಾಯ್ತು. ನನ್ನ ಟೇಪು 60ಕ್ಕೇ ಮುಗಿದುಹೋಗುತ್ತೆ!”

“ಪೋಸ್ಟರಿನಲ್ಲಿ ಅಷ್ಟಿತ್ತು ರಾಯರೇ. ಮೈಮೇಲೆ ಅದಕ್ಕಿಂತ ಕೆಲವು ಇಂಚು ಕಮ್ಮಿಯೇ ಇತ್ತು ಅಂತ ಅವನ ಪಕ್ಕದಲ್ಲಿ ನಿಂತವರೇ ಹೇಳ್ತಾರೆ.”

“ನೋಡಿದ್ರಾ! ಏಳಡಿ ಮನುಷ್ಯನಿಗೂ ಸುಳ್ಳು ಸೇರಿಸ್ಬೇಕಾ? ಇದ್ದಿದ್ದು ಸಾಲ್ದಾ?”

ಸಾಲಲಿಲ್ಲ. ಆಂಡ್ರೆಯ ವಿಷಯದಲ್ಲಿ ಯಾವುದೂ ಯಾರಿಗೂ ಸಾಲಲಿಲ್ಲ. ಅವನ ಎತ್ತರ, ತೂಕ, ಗೆಲುವು, ಕುಡಿತ, ಬಾಲ್ಯದ ಕಥೆ, ಎಲ್ಲಕ್ಕೂ ಒಂದಿಷ್ಟು ಎಳೆದು ಸೇರಿಸಿದರು. ನಮ್ಮ ಹುಡುಗರಿಗೂ ಅವನ ಜಗತ್ತು ಗೊತ್ತಾದದ್ದು ಅಂಕಿಗಳಿಂದಲೇ. ತೊಂಬತ್ತರ ದಶಕದಲ್ಲಿ ಶಾಲೆಯ ಬೆಂಚಿನ ಕೆಳಗೆ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡದ ಹುಡುಗನೇ ಇರಲಿಲ್ಲ. ಎತ್ತರ ಎಷ್ಟು, ತೂಕ ಎಷ್ಟು, ಎದೆ ಎಷ್ಟು ಅಂತ ಕೂಗುವುದು, ಜಾಸ್ತಿ ಇದ್ದವನು ಎದುರಿನವನ ಕಾರ್ಡ್ ಎತ್ತಿಕೊಳ್ಳುವುದು. ನಾನೇ ಎಷ್ಟೋ ಕಟ್ಟು ಕಿತ್ತುಕೊಂಡು ಮೇಜಿನ ಡ್ರಾಯರಿನಲ್ಲಿ ಹಾಕಿದ್ದೇನೆ. ಕಾರ್ಡಿನ ಮೇಲಿನ ಮನುಷ್ಯ ಯಾವ ಊರವನು, ಏನು ತಿಂದು ಬೆಳೆದ ಅನ್ನುವುದು ಆ ಆಟಕ್ಕೆ ಬೇಕಿರಲಿಲ್ಲ.

ರಾಯರಿಗೆ ಬೇಕಿತ್ತು. “ಎಲ್ಲಿಯವನು ಅವನು?”

ಫ್ರಾನ್ಸಿನವನು. ಹೆಸರು ಆಂಡ್ರೆ ರೂಸಿಮಾಫ್, ಹುಟ್ಟಿದ್ದು 1946ರ ಮೇ 19ರಂದು. ಅಪ್ಪ ಬೋರಿಸ್ ಬಲ್ಗೇರಿಯಾದಿಂದ ಬಂದವನು, ಅಮ್ಮ ಪೋಲೆಂಡಿನವಳು. ಪ್ಯಾರಿಸಿನ ಪೂರ್ವಕ್ಕೆ ಮೊಲಿಯೆನ್ ಅನ್ನುವ ಪುಟ್ಟ ಹಳ್ಳಿಯಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದ ಸಂಸಾರ. ಐದು ಮಕ್ಕಳಲ್ಲಿ ಇವನು ಮೂರನೆಯವನು. ಮನೆಯಲ್ಲಿ ‘ದೇದೇ’ ಅಂತ ಕರೆಯುತ್ತಿದ್ದರು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕಿಳಿದ, ಬಡಗಿ ಕೆಲಸ ಕಲಿತ, ಹುಲ್ಲು ಕಟ್ಟುವ ಯಂತ್ರಕ್ಕೆ ಎಂಜಿನ್ ಮಾಡುವ ಕಾರ್ಖಾನೆಯಲ್ಲೂ ದುಡಿದ.

ಅವನ ಬಾಲ್ಯದ ಬಗ್ಗೆ ಒಂದು ರಸವತ್ತಾದ ಕಥೆ ಇದೆ. ‘ವೇಟಿಂಗ್ ಫಾರ್ ಗೋಡೋ’ ನಾಟಕ ಬರೆದ ಸ್ಯಾಮ್ಯುಯೆಲ್ ಬೆಕೆಟ್ ಆ ಸೀಮೆಯಲ್ಲೇ, ಉಸ್ಸಿ ಅನ್ನುವ ಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಕಟ್ಟುವಾಗ ಕೈಜೋಡಿಸಿದವರಲ್ಲಿ ಬೋರಿಸನೂ ಒಬ್ಬ. ಮುಂದೆ ನೊಬೆಲ್ ಪಡೆದ ನಾಟಕಕಾರ, ಶಾಲೆಯ ಬಸ್ಸಿನಲ್ಲಿ ಹಿಡಿಸದ ದೈತ್ಯ ಹುಡುಗನನ್ನು ತನ್ನ ವಾಹನದಲ್ಲಿ ದಿನಾ ಶಾಲೆಗೆ ಬಿಡುತ್ತಿದ್ದ ಅಂತ ಕಥೆ ಹಬ್ಬಿದೆ. ಊರಿನ ಮಕ್ಕಳನ್ನು ಅವನು ಆಗಾಗ ಹತ್ತಿಸಿಕೊಂಡು ಹೋಗುತ್ತಿದ್ದ, ಅವರಲ್ಲಿ ಇವನೂ ಇದ್ದ, ಅಷ್ಟು ನಿಜ. ಬಸ್ಸಿನಲ್ಲಿ ಹಿಡಿಸುತ್ತಿರಲಿಲ್ಲ ಅನ್ನುವುದು ಮೇಲಿನ ಒಗ್ಗರಣೆ.

“ದಾರೀಲಿ ನಾಟಕದ ಮಾತಾಡ್ತಿದ್ರೋ?” ಅಂದರು ರಾಯರ ಮನೆಯವರು. ನಾವು ಅಕ್ಕ ಅನ್ನುತ್ತೇವೆ. ಅಷ್ಟು ಹೊತ್ತಿಗೆ ಅವರೂ ಸೊಪ್ಪಿನ ಕಟ್ಟು ಹಿಡಿದು ಬಂದು ಬಿಡಿಸಲು ಕೂತಿದ್ದರು.

“ಕ್ರಿಕೆಟ್ ಮಾತಾಡ್ತಿದ್ರಂತೆ ಅಕ್ಕಾ. ಹಾಗಂತ ಆಂಡ್ರೆಯೇ ಹೇಳಿದ್ದು.”

“ಅದಾದ್ರೆ ನಂಬಬಹುದು” ಅಂದರು ಅಕ್ಕ.

ಹದಿನೆಂಟರ ಹೊತ್ತಿಗೆ ಹುಡುಗ ಪ್ಯಾರಿಸ್ ಸೇರಿದ. ಹಗಲು ಮನೆ ಸಾಮಾನು ಸಾಗಿಸುವ ಕೂಲಿ, ರಾತ್ರಿ ಕುಸ್ತಿಯ ತಾಲೀಮು. ಇಲ್ಲಿ ರಾಯರು ಅಡ್ಡ ಬಂದರು. ಅವರು ಮೈಸೂರಿನವರು, ಗರಡಿ ಮಟ್ಟಿಯ ವಾಸನೆ ಗೊತ್ತಿದ್ದವರು, ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಲೆಂದೇ ಅಂಗಡಿಗೆ ಬೀಗ ಹಾಕುತ್ತಿದ್ದವರು. “ಅದು ಕುಸ್ತಿನಾ ಮೇಷ್ಟ್ರೇ? ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರಂತಲ್ಲ!”

ಬರೆದಿಟ್ಟಿರುತ್ತಾರೆ, ಸರಿ. ಆದರೆ ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ನಾವು ಬೆಳಗಿನವರೆಗೆ ಕೂರುವುದಿಲ್ಲವೇ? ಈ ಕುಸ್ತಿಯಲ್ಲಿ ನೋಡಬೇಕಾದದ್ದು ಸೋಲು ಗೆಲುವಲ್ಲ, ಅದನ್ನು ಮಾಡಿ ತೋರಿಸುವ ರೀತಿ. ಎರಡೂಕಾಲು ಕ್ವಿಂಟಲ್ ದಾಟಿದ ಮನುಷ್ಯ ತೊಂಬತ್ತು ಕಿಲೋದವನ ಮೇಲೆ ಕೂರುವಂತೆ ಕಾಣಬೇಕು, ಕೆಳಗಿದ್ದವನ ಪಕ್ಕೆಲುಬು ಮುರಿಯಬಾರದು. ಹಗ್ಗಗಳ ನಡುವೆ ಎರಡೂ ತೋಳು ಸಿಕ್ಕಿಹಾಕಿಕೊಂಡು ಒದ್ದಾಡುವುದು ಆಂಡ್ರೆಯ ಹೆಸರುವಾಸಿ ಆಟ. ಆನೆಯಂಥವನು ಹಗ್ಗಕ್ಕೆ ಸಿಕ್ಕಿಬಿದ್ದನಲ್ಲ ಅಂತ ಜನ ಎದ್ದು ನಿಲ್ಲುತ್ತಿದ್ದರು. ಅದು ಸಿಕ್ಕಿಕೊಂಡದ್ದಲ್ಲ, ಲೆಕ್ಕ ಹಾಕಿ ಸಿಕ್ಕಿಸಿಕೊಂಡದ್ದು. ಎದುರಾಳಿಗೆ ಉಸಿರು ತೆಗೆದುಕೊಳ್ಳಲು, ಜನಕ್ಕೆ ಕುತೂಹಲ ಏರಲು ಅಷ್ಟು ಹೊತ್ತು ಬೇಕು. ಇದನ್ನು ನಟನೆ ಅನ್ನದೆ ಇನ್ನೇನು ಅನ್ನುವುದು?

1970ರಲ್ಲಿ ಜಪಾನಿಗೆ ಹೋದಾಗ ಅವನಿಗೆ ‘ಮಾನ್‌ಸ್ಟರ್ ರೂಸಿಮಾಫ್’ ಅಂತ ಹೆಸರಿಟ್ಟರು. ಅಲ್ಲಿನ ವೈದ್ಯರೊಬ್ಬರು ನೋಡಿ ಕಾಯಿಲೆಯ ಹೆಸರನ್ನೂ ಹೇಳಿದರಂತೆ, ಆಕ್ರೊಮೆಗಲಿ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆಯಲ್ಲ, ಅದರಲ್ಲಿ ಗಡ್ಡೆ ಬೆಳೆದರೆ ಬೆಳವಣಿಗೆಯ ಹಾರ್ಮೋನು ಹದ್ದುಮೀರಿ ಸುರಿಯುತ್ತದೆ. ಹುಡುಗರಾಗಿದ್ದಾಗಲೇ ಶುರುವಾದರೆ ಮೂಳೆಗಳು ಉದ್ದಕ್ಕೆ ಬೆಳೆಯುತ್ತವೆ. ಉದ್ದ ನಿಂತ ಮೇಲೂ ಹಾರ್ಮೋನು ನಿಲ್ಲದಿದ್ದರೆ ಕೈ, ಕಾಲು, ದವಡೆ, ಹುಬ್ಬಿನ ಮೂಳೆ ದಪ್ಪವಾಗುತ್ತಾ ಹೋಗುತ್ತವೆ, ಕೀಲುಗಳು ಸವೆಯುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಒಳಗೆ ಹೃದಯವೂ ದೊಡ್ಡದಾಗುತ್ತದೆ.

“ದೊಡ್ಡ ಹೃದಯ ಒಳ್ಳೇದಲ್ವಾ?” ಅಂದರು ಅಕ್ಕ.

“ಕಥೇಲಿ ಒಳ್ಳೇದು ಅಕ್ಕಾ, ಎಕ್ಸ್‌ರೇಲಿ ಅಲ್ಲ.”

ಜಪಾನಿನಿಂದ ಕೆನಡಾದ ಮಾಂಟ್ರಿಯಲ್. ಅಲ್ಲಿ ಜಾಗವೆಲ್ಲ ತುಂಬಿ ತುಳುಕಿತು, ಆಮೇಲೆ ತಕರಾರೂ ಶುರುವಾಯಿತು. ಇವನ ಎದುರು ನಿಲ್ಲಿಸಲು ನಂಬುವಂಥ ಎದುರಾಳಿಗಳು ಮುಗಿದುಹೋದರು. ದೈತ್ಯ ಬರುತ್ತಾನೆ ಅಂದರೆ ಊರೇ ಬರುತ್ತದೆ. ದೈತ್ಯ ಇಲ್ಲೇ ಇರುತ್ತಾನೆ ಅಂದರೆ ‘ಬರೋ ವಾರ ನೋಡಿದರಾಯ್ತು ಬಿಡು’ ಅನ್ನುತ್ತಾರೆ. ಈ ಸೂಕ್ಷ್ಮ ಹಿಡಿದವನು ನ್ಯೂಯಾರ್ಕಿನ ವಿನ್ಸ್ ಮೆಕ್‌ಮ್ಯಾನ್ ಸೀನಿಯರ್. 1973ರಲ್ಲಿ ಅವನೇ ಇವನನ್ನು ‘ಆಂಡ್ರೆ ದಿ ಜೈಂಟ್’ ಮಾಡಿದ್ದು. ಆಗ ಅಮೆರಿಕದ ಕುಸ್ತಿ ಸೀಮೆ ಸೀಮೆಗೆ ಒಬ್ಬೊಬ್ಬ ಯಜಮಾನನ ಕೈಯಲ್ಲಿತ್ತು. ಮೆಕ್‌ಮ್ಯಾನ್ ಇವನನ್ನು ಒಂದೇ ಕಡೆ ಇಟ್ಟುಕೊಳ್ಳದೆ ಎಲ್ಲ ಸೀಮೆಗೂ ಕೆಲವು ದಿನ, ಕೆಲವು ವಾರದ ಮಟ್ಟಿಗೆ ಕಳಿಸಿಕೊಟ್ಟ. ಜಾತ್ರೆ ವರ್ಷಕ್ಕೊಮ್ಮೆ ಬಂದರೇ ಬೆಲೆ, ಅದೇ ವ್ಯವಹಾರ. ಇನ್ನೊಂದು ಬುದ್ಧಿಮಾತೂ ಹೇಳಿದ. ಪ್ಯಾರಿಸಿನ ದಿನಗಳಲ್ಲಿ ಆಂಡ್ರೆ ಹಾರಿ ಎರಡೂ ಕಾಲಲ್ಲಿ ಒದೆಯುವಷ್ಟು ಚುರುಕಾಗಿದ್ದ. ‘ನೀನು ಹಾರಬೇಡ, ಅಲ್ಲಾಡದೆ ನಿಲ್ಲು’ ಅನ್ನುವುದು ಮೆಕ್‌ಮ್ಯಾನನ ಅಂಬೋಣ. ಗೊತ್ತಿದ್ದ ವಿದ್ಯೆಯನ್ನು ಬಚ್ಚಿಟ್ಟು ಬಂಡೆಯಾಗಿ ನಿಲ್ಲುವುದೇ ಅವನಿಗೆ ಸಿಕ್ಕ ಪಾತ್ರ.

ಹೀಗೆ ವರ್ಷದ ಬಹುಭಾಗ ಅವನು ದಾರಿಯಲ್ಲೇ ಇದ್ದ. ಈ ದಾರಿಯ ಕಷ್ಟವನ್ನು ಮಾತ್ರ ಯಾವ ಪೋಸ್ಟರೂ ಹಾಕಲಿಲ್ಲ. ವಿಮಾನದ ಶೌಚದ ಕೋಣೆಯೊಳಗೆ ಅವನಿಗೆ ಹೋಗಲಾಗುತ್ತಿರಲಿಲ್ಲ. ಅಮೆರಿಕದಿಂದ ಜಪಾನಿಗೆ ಹನ್ನೆರಡು ಹದಿಮೂರು ಗಂಟೆಯ ಹಾರಾಟ. ಒಂದು ಪರದೆ ಎಳೆದು ಬಕೆಟ್ ಇಡುತ್ತಿದ್ದರು ಅಂತ ಜೊತೆಗೆ ಹೋದ ಕುಸ್ತಿಯವರೇ ಹೇಳಿದ್ದಾರೆ. ಆಗಿನ ಟೆಲಿಫೋನಿನ ತೂತಿಗೆ ಬೆರಳು ತೂರುತ್ತಿರಲಿಲ್ಲ, ಪೆನ್ಸಿಲ್ ಹಾಕಿ ತಿರುಗಿಸಬೇಕಿತ್ತು. ಹೋಟೆಲ್ ಮಂಚ, ಕಾರಿನ ಸೀಟು, ಸಿನಿಮಾ ಕುರ್ಚಿ, ಲೋಕದಲ್ಲಿ ಒಂದೂ ಅವನ ಅಳತೆಗೆ ಹೊಲಿದದ್ದಲ್ಲ.

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ರೆಡಿಮೇಡ್ ಬಂದಾಗ ನಾನು ಇದನ್ನೇ ಹೇಳಿದ್ದು” ಅಂದರು.

ಮಾತು ಕುಡಿತದ ಕಡೆ ಹೋಯಿತು. ಆಂಡ್ರೆ ಒಂದೇ ಕೂತಿನಲ್ಲಿ ಕುಡಿದ ಬಿಯರ್ ಎಷ್ಟು ಅನ್ನುವುದಕ್ಕೆ ಒಬ್ಬರು 119 ಅಂತಾರೆ, ಇನ್ನೊಬ್ಬರು 127, ಮತ್ತೊಬ್ಬರು 156.

“ಎಣಿಸ್ತಾ ಕೂತೋನು ಯಾರು?” ಅಂದರು ರಾಯರು. “ಅವನೂ ಕುಡಿದಿದ್ದ ತಾನೇ?”

ಲೆಕ್ಕ ಸುಳ್ಳಿರಬಹುದು, ಕುಡಿತ ನಿಜ. ಬೆನ್ನಿನ ನೋವು, ಮಂಡಿಯ ನೋವು ಮರೆಯಲು ಅದೊಂದು ದಾರಿ ಅಂತ ಹತ್ತಿರದವರಿಗೆ ಗೊತ್ತಿತ್ತು. ಅವನ ಬಗ್ಗೆ ಯಾರೂ ಎಳೆದು ಹೇಳಬೇಕಿಲ್ಲದ ಗುಣವೂ ಒಂದಿತ್ತು. ಅವನ ಜೊತೆ ಊಟಕ್ಕೆ ಕೂತವರು ಬಿಲ್ ಕೊಡುವ ಹಾಗಿರಲಿಲ್ಲ. ‘ಕೊನನ್ ದಿ ಡೆಸ್ಟ್ರಾಯರ್’ ಚಿತ್ರದಲ್ಲಿ ಅವನಿಗೂ ಒಂದು ರಾಕ್ಷಸನ ವೇಷ ಇತ್ತು. ಆಗ ತೆಗೆದ ಒಂದು ಫೋಟೊದಲ್ಲಿ ಒಂದು ಕಡೆ ಬಾಸ್ಕೆಟ್‌ಬಾಲಿನ ವಿಲ್ಟ್ ಚೇಂಬರ್ಲಿನ್, ಇನ್ನೊಂದು ಕಡೆ ಆಂಡ್ರೆ, ನಡುವೆ ಆರ್ನಾಲ್ಡ್ ಶ್ವಾರ್ಜ್‌ನೆಗರ್. ಜಗತ್ತಿನ ಸ್ನಾಯುಗಳ ರಾಜ ಅಲ್ಲಿ ಅಪ್ಪಂದಿರ ಕೈಹಿಡಿದು ಬಂದ ಮಗು. ಆ ದಿನಗಳಲ್ಲೇ ಬಿಲ್ ಕೊಡಲು ಎದ್ದ ಶ್ವಾರ್ಜ್‌ನೆಗರನನ್ನು ಅನಾಮತ್ತಾಗಿ ಎತ್ತಿ ಪಕ್ಕಕ್ಕಿಟ್ಟನಂತೆ ಆಂಡ್ರೆ.

ಇನ್ನು ಅವನ ಹೆಸರಿನ ಮಹಾಪ್ರಸಂಗ. 1987ರ ಮಾರ್ಚ್ 29, ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್, ‘ರೆಸಲ್‌ಮೇನಿಯಾ 3’. ಎದುರಾಳಿ ಹಲ್ಕ್ ಹೋಗನ್. ಹದಿನೈದು ವರ್ಷದಿಂದ ಸೋಲನ್ನೇ ಕಾಣದವನು, ಯಾರೂ ಎತ್ತಿ ಕೆಡವದವನು ಅಂತ ಆಂಡ್ರೆಯ ಬಗ್ಗೆ ಡಂಗುರ ಹೊಡೆದರು. ಎರಡೂ ಸುಳ್ಳು. 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಇದೇ ಹೋಗನ್ ಇವನನ್ನು ಎತ್ತಿ ಹಾಕಿದ್ದ. ಆಗ ಹೋಗನ್ ಖಳ, ಆಂಡ್ರೆ ನಾಯಕ, ಅಷ್ಟೇ ವ್ಯತ್ಯಾಸ. ಸಿಲ್ವರ್‌ಡೋಮಿಗೆ ಬಂದವರು 93,173 ಅಂತ ಸಾರಿದರು, ಅದಕ್ಕೂ ತಕರಾರಿದೆ. 78,000 ಅನ್ನುವ ಲೆಕ್ಕವೂ ಉಂಟು. ಎಂಬತ್ತು ಸಾವಿರದ ಹತ್ತಿರ ಜನ ಸೇರಿದ್ದೇ ಸಾಮಾನ್ಯ ಮಾತಲ್ಲ, ಆದರೂ ಎಳೆದರು.

“ನಮ್ಮ ರಾಜಕೀಯ ಸಭೆಗಳ ಹಾಗೆ” ಅಂದರು ರಾಯರು.

ಆ ರಾತ್ರಿ ಆಂಡ್ರೆಗೆ ನೆಟ್ಟಗೆ ನಿಲ್ಲುವುದೇ ಕಷ್ಟವಿತ್ತು. ಕರಿಯ ಉಡುಪಿನೊಳಗೆ ಬೆನ್ನಿಗೆ ಪಟ್ಟಿ ಬಿಗಿದುಕೊಂಡಿದ್ದ. ಹೋಗನ್ ಎತ್ತಿ ಕೆಡವಿದ್ದನ್ನು ಜಗತ್ತು ಇವತ್ತಿಗೂ ಮೊಬೈಲಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತದೆ. ಆದರೆ ಅಷ್ಟು ತೂಕದ ಮನುಷ್ಯನನ್ನು ಅವನ ಒಪ್ಪಿಗೆಯಿಲ್ಲದೆ ಯಾರು ಎತ್ತುತ್ತಾರೆ? ತನ್ನ ಕಾಲದ ಆಟ ಮುಗಿಯಿತು, ಗಿರಾಕಿ ಇನ್ನು ಹೋಗನ್‌ಗೆ ಅಂತ ತಿಳಿದು, ನೋಯುವ ಬೆನ್ನಿನ ಮೇಲೆ ತಾನೇ ಹೋಗಿ ಚಿತ್ತಾದ. ಎತ್ತಿದವನಿಗೆ ಬಂದ ಹೆಸರಿನಲ್ಲಿ ಅರ್ಧವಾದರೂ ಬಿದ್ದವನಿಗೆ ಸಲ್ಲಬೇಕು. ಮರುವರ್ಷ ಫೆಬ್ರವರಿಯಲ್ಲಿ ಟಿವಿಯಲ್ಲಿ ಹೋಗನ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟಿ ಗೆದ್ದ. ಮೂರು ಕೋಟಿಗೂ ಹೆಚ್ಚು ಜನ ನೋಡಿದರು ಅನ್ನುತ್ತಾರೆ. ಗೆದ್ದು ಎರಡು ನಿಮಿಷ ಆಗುವ ಮೊದಲೇ ಕಥೆಯ ಪ್ರಕಾರ ಅದನ್ನು ಇನ್ನೊಬ್ಬನಿಗೆ ಮಾರಿಬಿಟ್ಟ!

ಮೊಮ್ಮಗ ಅಷ್ಟರಲ್ಲಿ, “ನಮ್ಮ ಖಲಿ ಇದ್ದಿದ್ರೆ ಇಬ್ಬರನ್ನೂ ಎತ್ತಿಹಾಕ್ತಿದ್ದ” ಅಂದ.

ಖಲಿಯ ಮಾತು ಇಲ್ಲಿ ಬರಲೇಬೇಕು. ದಿ ಗ್ರೇಟ್ ಖಲಿ ಅಂದರೆ ದಲೀಪ್ ಸಿಂಗ್ ರಾಣಾ, ಹಿಮಾಚಲದ ಸಿರ್ಮೌರ್ ಜಿಲ್ಲೆಯ ಹಳ್ಳಿಯವನು, ಪಂಜಾಬ್ ಪೊಲೀಸಿನಲ್ಲಿದ್ದವನು, 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದವನು. ಅವನಿಗೂ ಇದೇ ಪಿಟ್ಯುಟರಿ ಗಡ್ಡೆ. 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಆಮೇಲೆ ಜಲಂಧರದಲ್ಲಿ ಕುಸ್ತಿ ಶಾಲೆ ತೆರೆದು ಹುಡುಗರಿಗೆ ಪಾಠ ಹೇಳಿಕೊಟ್ಟ. ಆಂಡ್ರೆಯ ಮಗ ಅಂತ ಒಂದು ಕಾಲದಲ್ಲಿ ಸುಳ್ಳೇ ಹೇಳಿ ರಿಂಗಿಗೆ ಇಳಿಸಿದ್ದ ಬಿಗ್ ಶೋ ಕೂಡ ಹರೆಯದಲ್ಲೇ ಆಪರೇಷನ್ ಮಾಡಿಸಿಕೊಂಡು ಬೆಳವಣಿಗೆ ನಿಲ್ಲಿಸಿಕೊಂಡವನು. ಆಂಡ್ರೆ ಚಿಕಿತ್ಸೆ ಬೇಡ ಅಂದ.

“ಅನ್ನವೇ ಆ ಎತ್ತರದಿಂದ ಬರ್ತಿತ್ತಲ್ಲ” ಅಂದರು ಅಕ್ಕ. ನಾನು ಅದಕ್ಕೆ ಏನೂ ಸೇರಿಸಲಿಲ್ಲ.

1993ರ ಜನವರಿಯಲ್ಲಿ ಅಪ್ಪ ತೀರಿಕೊಂಡ ಅಂತ ಆಂಡ್ರೆ ಫ್ರಾನ್ಸಿಗೆ ಹೋದ. ಅಮ್ಮನ ಹುಟ್ಟುಹಬ್ಬ ಹತ್ತಿರವಿತ್ತು, ಮುಗಿಸಿಕೊಂಡು ಹೋಗೋಣ ಅಂತ ಉಳಿದ. ಮೊಲಿಯೆನ್ನಿನಲ್ಲಿ ಹಳೆಯ ಗೆಳೆಯರ ಜೊತೆ ಕೂತು ಇಸ್ಪೀಟು ಆಡಿ ಪ್ಯಾರಿಸಿನ ಹೋಟೆಲಿಗೆ ಬಂದು ಮಲಗಿದವನು ಏಳಲಿಲ್ಲ. ಹೃದಯ ನಿಂತಿತ್ತು, ವಯಸ್ಸು 46. ದಹನ ಮಾಡಬೇಕು ಅಂತ ಉಯಿಲಿನಲ್ಲಿತ್ತು. ಅವನ ಅಳತೆಗೆ ಒದಗುವ ಚಿತಾಗಾರ ಅಲ್ಲಿ ಸಿಗಲಿಲ್ಲ. ದೇಹವನ್ನು ಅಮೆರಿಕಕ್ಕೆ ಸಾಗಿಸಿ, ಕೊನೆಗೆ ಬೂದಿಯನ್ನು ನಾರ್ತ್ ಕ್ಯಾರೊಲೈನಾದ ಎಲರ್ಬಿಯಲ್ಲಿ ಅವನು ದನ ಸಾಕಿಕೊಂಡಿದ್ದ ಜಮೀನಿನಲ್ಲಿ ಚೆಲ್ಲಿದರು. ಅದೇ ವರ್ಷ ಕುಸ್ತಿ ಕಂಪನಿಯವರು ಹಾಲ್ ಆಫ್ ಫೇಮ್ ಶುರು ಮಾಡಿದಾಗ ಸೇರಿದ ಮೊದಲ ಹೆಸರು ಇವನದು.

ಇಷ್ಟರಲ್ಲಿ ಸೊಪ್ಪು ಬಿಡಿಸಿಯಾಗಿತ್ತು, ಅಕ್ಕ ಮಾತ್ರ ಎದ್ದಿರಲಿಲ್ಲ. “ಅವನಿಗೆ ಏನು ಇಷ್ಟವಿತ್ತು ಅಂತ ಹೇಳಲೇ ಇಲ್ಲವಲ್ಲ ಮೇಷ್ಟ್ರೇ” ಅಂದರು.

ಒಂದು ಸಿನಿಮಾ ಇಷ್ಟವಿತ್ತು. ‘ದಿ ಪ್ರಿನ್ಸೆಸ್ ಬ್ರೈಡ್’, 1987ರದ್ದೇ, ರಾಬ್ ರೈನರ್ ನಿರ್ದೇಶನ. ಅದರಲ್ಲಿ ಇವನು ಫೆಜಿಕ್, ಪ್ರಾಸ ಕಟ್ಟಿ ಮಾತಾಡುವುದರಲ್ಲಿ ಖುಷಿಪಡುವ ಒಬ್ಬ ಮೆತ್ತನೆಯ ದೈತ್ಯ. ಫ್ರೆಂಚ್ ನಾಲಿಗೆಗೆ ಇಂಗ್ಲಿಷ್ ಸಂಭಾಷಣೆ ತೊಡಕಾಗುತ್ತದೆ ಅಂತ ರೈನರ್ ಅವನ ಮಾತುಗಳನ್ನೆಲ್ಲ ಟೇಪಿಗೆ ಹಾಕಿಕೊಟ್ಟ. ಇವನು ಅದನ್ನು ಕೇಳಿ ಕೇಳಿ ಕಲಿತ. ನಾಯಕಿ ಕಿಟಕಿಯಿಂದ ಹಾರಿ ಇವನ ತೋಳಿಗೆ ಬೀಳುವ ದೃಶ್ಯದಲ್ಲಿ ಬೆನ್ನಿನ ನೋವಿಗೆ ಆ ಹುಡುಗಿಯ ಭಾರವನ್ನೂ ತಡೆಯಲಾಗದೆ ತಂತಿ ಕಟ್ಟಿ ಇಳಿಸಿದರು. ಚಳಿಯಲ್ಲಿ ಚಿತ್ರೀಕರಣ ನಡೆಯುವಾಗ ಅದೇ ನಾಯಕಿ ರಾಬಿನ್ ರೈಟ್‌ಳ ತಲೆ ಬೆಚ್ಚಗಿರಲಿ ಅಂತ ಇವನು ಅಂಗೈಯನ್ನು ಅವಳ ತಲೆಯ ಮೇಲಿಟ್ಟುಕೊಂಡು ನಿಲ್ಲುತ್ತಿದ್ದನಂತೆ. ಬಿಡುಗಡೆಗೆ ಮುಂಚೆ ಕ್ಯಾಸೆಟ್ ಸಿಕ್ಕಿತು. ಕುಸ್ತಿಯ ಗೆಳೆಯರನ್ನು ಕರೆದು, ಊಟ ಹಾಕಿಸಿ, ಕುಡಿಸಿ, ಮತ್ತೆ ಮತ್ತೆ ಅದೇ ಸಿನಿಮಾ ತೋರಿಸಿ, ಪ್ರತಿ ಸಲ ಮುಗಿದಾಗಲೂ ಕೇಳುತ್ತಿದ್ದನಂತೆ, ನನ್ನ ಪಾತ್ರ ಹಿಡಿಸಿತಾ ಅಂತ.

ಬದುಕಿಡೀ ಜನ ಅವನಿಗೆ ಕೇಳಿದ್ದು ಎಷ್ಟಡಿ, ಎಷ್ಟು ಕಿಲೋ, ಎಷ್ಟು ಬಾಟಲಿ. ಅವನು ಜನಕ್ಕೆ ಕೇಳಿದ್ದು ಇದೊಂದು. ಎಲ್ಲ ಕಲಾವಿದರೂ ಕೇಳುವುದು ಅದನ್ನೇ. ಎರಡೂವರೆ ಅಡಿ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುವ ಟೈಲರೂ ಗಿರಾಕಿ ಕನ್ನಡಿ ನೋಡುವಾಗ ಕೇಳುವುದು ಅದನ್ನೇ. ರಾಯರು ತಲೆ ಆಡಿಸಿದರು.

“ಚೆನ್ನಾಗಿ ಮಾಡಿದಾನೆ ಅಂತ ಗೆಳೆಯರು ಹೇಳಿದ್ರಾ?” ಅಂದರು ಅಕ್ಕ.

“ಹೇಳದೆ ಏನು ಅಕ್ಕಾ, ಅವನ ಊಟ ಉಂಡಿದ್ದಾರೆ. ಅದೂ ಎರಡೂಕಾಲು ಕ್ವಿಂಟಲ್ ಮನುಷ್ಯ ಎದುರಿಗೆ ಕೂತಿದ್ದಾನೆ.”

“ಹಾಗಾದ್ರೆ ಅದೂ ನಂಬೋ ಹಾಗಿಲ್ಲ ಅನ್ನಿ” ಅಂದರು ರಾಯರು. “ಪುಟ್ಟಾ, ಆ ಕುಸ್ತಿ ನಿಲ್ಸೋ. ಆ ಸಿನಿಮಾ ಹುಡುಕು, ನಾವೇ ನೋಡಿ ಹೇಳೋಣ.”